ಹಲ್ಲು ಬರೆಯದ ಊರು

ನಮ್ಮ ಊರಿನಲ್ಲಿ ತೀರಿಹೋದವರ ಪಟವನ್ನು ಗೋಡೆಯ ಮೇಲೆ ಎತ್ತರದಲ್ಲಿ ಹಾಕುವುದಿಲ್ಲ, ನೆಲಕ್ಕೆ ತಾಗಿಸಿ ಅಂಟಿಸುತ್ತೇವೆ. ಎತ್ತರದಲ್ಲಿ ಹಾಕಿದರೆ ಹುಣ್ಣಿಮೆ ಹೊತ್ತಿಗೆ ಪಟ ಸೂರು ಸೇರಿ, ಕೈಮುಗಿಯಲು ಬಂದವರು ಬರೀ ಗೋಡೆಗೆ ಕೈಮುಗಿದು ಹೋಗಬೇಕಾಗುತ್ತದೆ. ಅಮಾವಾಸ್ಯೆಗೆ ಹಿರಿಯರನ್ನು ನೋಡಬೇಕಾದರೆ ಚಾಪೆ ಹಾಕಿ ಕೂತು ನೋಡಬೇಕು, ಹುಣ್ಣಿಮೆಗೆ ಕತ್ತೆತ್ತಿ ನೋಡಬೇಕು. ನಡುವಿನ ದಿನಗಳಲ್ಲಿ ಅವರವರ ಅನುಕೂಲ.

ಗೋಡೆಗಳು ಹಿಗ್ಗಲು ಶುರುವಾಗುವುದು ಅಮಾವಾಸ್ಯೆಯ ಮರುದಿನದಿಂದ. ಮನೆ, ಬಾಗಿಲು, ಹೊಸ್ತಿಲು, ಗೋಡೆಗೆ ಅಂಟಿಕೊಂಡದ್ದೆಲ್ಲ ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ ಹೋಗಿ ಹುಣ್ಣಿಮೆಗೆ ನಿಲ್ಲುತ್ತದೆ. ಆಮೇಲೆ ಕುಗ್ಗುವುದು. ಮನುಷ್ಯರು, ದನಕರು, ಪಾತ್ರೆ ಪಡಗ ಇದ್ದಷ್ಟೇ ಇರುತ್ತವೆ. ಹುಣ್ಣಿಮೆ ಹತ್ತಿರ ಬಂದರೆ ಸ್ವಿಚ್ಚು ಕೈಗೆ ಸಿಗುವುದಿಲ್ಲ, ಅದಕ್ಕೆ ಪ್ರತಿ ಮನೆಯ ಬಾಗಿಲ ಹಿಂದೆ ಒಂದು ಉದ್ದ ಕೋಲು ಇರುತ್ತದೆ. ಹೆಣ್ಣು ನೋಡಲು ಬರುವವರನ್ನು ನಾವು ಹುಣ್ಣಿಮೆಗೇ ಕರೆಯುತ್ತೇವೆ, ಮನೆ ದೊಡ್ಡದು ಅನ್ನಿಸಲಿ ಅಂತ. ಬಾಡಿಗೆ ಮನೆ ಹುಡುಕುವವರು ಮಾತ್ರ ಅಮಾವಾಸ್ಯೆಗೆ ಬರುತ್ತಾರೆ. ಅವರು ಜಾಣರು. ಬೆರಳು ದಪ್ಪದ ಹೊಸ್ತಿಲು ಹುಣ್ಣಿಮೆಗೆ ಸೊಂಟದೆತ್ತರ ಆಗುವುದರಿಂದ ಒಳಗೊಂದು ಹೊರಗೊಂದು ಮರದ ಮೆಟ್ಟಿಲು ಇಡಬೇಕು. ಅದಕ್ಕೆ ಮೆಟ್ಟುಮಣೆ ಅನ್ನುತ್ತೇವೆ. ಮಣೆ ಇಡದ ಮನೆಗೆ ನಮ್ಮಲ್ಲಿ ಹೆಣ್ಣು ಕೊಡುವುದಿಲ್ಲ.

ತೊಂದರೆ ಇರುವುದು ಫೋಟೋದ್ದು. ಗೋಡೆಗೆ ಹಾಕಿದ ಫೋಟೋವೂ ಗೋಡೆಯ ಜೊತೆ ಹಿಗ್ಗುತ್ತದೆ, ಆದರೆ ಹಿಗ್ಗುವ ಶಕ್ತಿ ಅದಕ್ಕಿಲ್ಲ. ಅಷ್ಟಮಿ ಹೊತ್ತಿಗೆ ಮುಖ ಮಸುಕಾಗುತ್ತದೆ, ದ್ವಾದಶಿಗೆ ಚೂರುಚೂರಾಗಿ ಬಿಡುತ್ತದೆ, ಹುಣ್ಣಿಮೆಗೆ ನೋಡಿದರೆ ಬಚ್ಚಲುಮನೆಗೆ ಟೈಲ್ಸ್ ಹಾಕಿದ ಹಾಗೆ ಕಂದು, ಕಪ್ಪು, ಬಿಳಿ ಚೌಕಗಳು. ಚುನಾವಣೆ ಬಂದಾಗ ಹೊರಗಿನವರು ಬಂದು ಗೋಡೆ ತುಂಬ ಅಭ್ಯರ್ಥಿಗಳ ಫೋಟೋ ಅಂಟಿಸಿ ಹೋಗುತ್ತಾರೆ. ಹುಣ್ಣಿಮೆಗೆ ಯಾವ ಮುಖ ಯಾರದ್ದು ಅಂತ ಒಂದೂ ತಿಳಿಯುವುದಿಲ್ಲ. ಎಲ್ಲರೂ ಒಂದೇ ಅಂತ ನಮ್ಮವರು ಹೇಳುವುದು ಅದಕ್ಕೇ.

ಗೆರೆ ಮಾತ್ರ ಒಡೆಯುವುದಿಲ್ಲ. ಕಂಪ್ಯೂಟರಿನಲ್ಲಿ ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು ಬರೆದ ಚಿತ್ರ ಎಷ್ಟು ಹಿಗ್ಗಿದರೂ ಅಂಚು ಹರಿತವಾಗಿಯೇ ಇರುತ್ತದೆ. ಕುಗ್ಗಿದರೂ ಅಷ್ಟೇ, ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಇರುವುದೆಲ್ಲ ಇದ್ದೇ ಇರುತ್ತದೆ. ಆ ಕೆಲಸ ನನ್ನದು. ಸಂತೆಬೀದಿಯಲ್ಲಿ 'ವಿಮಲಾ ಗೆರೆಚಿತ್ರ' ಅಂತ ನನ್ನ ಅಂಗಡಿ. ಮದುವೆಯಾಗಲಿಲ್ಲ, ಮಕ್ಕಳಿಲ್ಲ, ಕೋಪ ಜಾಸ್ತಿ, ಕೆಲಸ ಚೊಕ್ಕ ಅಂತ ಊರಿನವರು ನನ್ನ ಬಗ್ಗೆ ಹೇಳುತ್ತಾರೆ. ನಾಲ್ಕೂ ನಿಜ.

ಈ ವಿದ್ಯೆಯ ಗುಟ್ಟು ನಾನು ಕಲಿತದ್ದು ನಮ್ಮಮ್ಮನ ರಂಗೋಲಿಯಿಂದ. ಗೆರೆ ತಿರುಗುವ ಕಡೆ ಮಾತ್ರ ಚುಕ್ಕಿ ಇಡಬೇಕು. ತಿರುಗದ ಕಡೆ ಇಟ್ಟರೆ ಗೆರೆ ನಡುಗುತ್ತದೆ, ಅಮಾವಾಸ್ಯೆಗೆ ಗೊತ್ತಾಗದಿದ್ದರೂ ಹುಣ್ಣಿಮೆಗೆ ಆ ನಡುಕ ಊರಿಗೆಲ್ಲ ಕಾಣುತ್ತದೆ. ಕಂಪ್ಯೂಟರಿನ ಚುಕ್ಕಿಗೆ ಎರಡು ಬದಿಗೂ ಒಂದೊಂದು ಕಡ್ಡಿ ಇರುತ್ತದೆ. ಆ ಕಡ್ಡಿಯ ತುದಿ ಹಿಡಿದು ಎಳೆದರೆ ಗೆರೆ ಬಾಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮೂಗು, ಹುಬ್ಬು, ಗಲ್ಲ ಎಲ್ಲ ಹೀಗೆ. ಬಸ್‌ಸ್ಟ್ಯಾಂಡ್ ಹತ್ತಿರ ಹೊಸದಾಗಿ ಬಂದವನೊಬ್ಬ ಫೋಟೋ ಹಾಕಿ ಒಂದು ಬಟನ್ ಒತ್ತಿ ತಾನೇ ಗೆರೆ ಬರುವ ಹಾಗೆ ಮಾಡುತ್ತಾನೆ. ಅವನು ಬರೆದ ಕೆನ್ನೆಗಳು ಹುಣ್ಣಿಮೆಗೆ ಹಲಸಿನ ಸಿಪ್ಪೆಯ ಹಾಗೆ ಮುಳ್ಳುಮುಳ್ಳಾಗಿರುತ್ತವೆ. ನಾನು ಅವನ ಹೆಸರು ಹೇಳುವುದಿಲ್ಲ.

ಇನ್ನೊಂದು ಕಟ್ಟುಪಾಡಿದೆ. ನಮ್ಮ ಊರಿನಲ್ಲಿ ಹಲ್ಲು ಬರೆಯುವುದಿಲ್ಲ. ನನಗಿಂತ ಮುಂಚೆ ಗೆರೆ ಹಾಕುತ್ತಿದ್ದವರು ಪಟೇಲರ ತಂದೆಯನ್ನು ಹಲ್ಲು ಕಾಣುವ ಹಾಗೆ ಬರೆದುಕೊಟ್ಟಿದ್ದರಂತೆ. ಹುಣ್ಣಿಮೆಗೆ ಒಂದೊಂದು ಹಲ್ಲೂ ಕದದಷ್ಟು ದೊಡ್ಡದಾಗಿ, ಮಕ್ಕಳು ನಡುಮನೆಗೆ ಕಾಲಿಡದೆ, ಮನೆಯವರೆಲ್ಲ ವಾರಗಟ್ಟಲೆ ಹಿತ್ತಲಲ್ಲಿ ಕೂತು ಉಂಡರಂತೆ. ಅವತ್ತಿನಿಂದ ಗೋಡೆಯ ಮೇಲಿನ ಹಿರಿಯರೆಲ್ಲ ಬಾಯಿ ಮುಚ್ಚಿಕೊಂಡೇ ಇದ್ದಾರೆ. ನಮ್ಮ ಪೂರ್ವಿಕರು ಬಹಳ ಗಂಭೀರ ಜನ ಅಂತ ನೆಂಟರು ತಿಳಿದಿರುತ್ತಾರೆ. ನಾವು ತಿದ್ದಲು ಹೋಗುವುದಿಲ್ಲ.

ಈ ಊರಿಗೆಲ್ಲ ಮೆಟ್ಟುಮಣೆ ಮಾಡಿಕೊಡುತ್ತಿದ್ದವನು ಬಡಗಿ ಮೌನೇಶಾಚಾರಿ. ಹೆಸರು ಮೌನೇಶ, ಅವನ ಬಾಯಿ ಮುಚ್ಚಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ನಕ್ಕರೆ ಎದುರುಮನೆಯ ಕರು ತಿರುಗಿ ನೋಡುತ್ತಿತ್ತು. ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ಅದು ಹೇಗೆ ಮುರಿಯಿತು ಅಂತ ಕೇಳಿದವರಿಗೆಲ್ಲ ಬೇರೆ ಬೇರೆ ಕಥೆ ಹೇಳುತ್ತಿದ್ದ. ನನಗೆ ಕಬ್ಬು ಕಚ್ಚಿದಾಗ ಹೋಯಿತು ಅಂದಿದ್ದ. ಹಿಟ್ಟಿನ ಗಿರಣಿಯವರಿಗೆ ಉಳಿಯ ಹಿಡಿ ಬಡಿದದ್ದು ಅಂತ ಹೇಳಿದ್ದ. ಹೆಂಡತಿ ಅಂಬುಜಳಿಗೆ, ನಿನ್ನಮ್ಮ ಮಾಡಿದ ಚಕ್ಕುಲಿ ಅಂತ ಹೇಳಿದ್ದನಂತೆ. ಹೋದ ವರ್ಷ ಕಾಮಾಲೆ ತಿರುಗಿ ತೀರಿಕೊಂಡ. ಆರು ವರ್ಷದ ಮಗಳು ಚಂದನ, ಹೆಂಡತಿ ಅಂಬುಜ, ತಾಯಿ ಕಾಳಮ್ಮ ಉಳಿದರು.

ಕಾಳಮ್ಮ ಒಂದು ದಿನ ಅಂಗಡಿಗೆ ಬಂದರು. ಅವರು ಎಲ್ಲಿಗೇ ಹೋದರೂ ಹೊಸ್ತಿಲ ಬಳಿಯ ಮಣೆಯನ್ನು ಕಾಲಿನಿಂದ ಎರಡು ಸಲ ತಟ್ಟಿ, ಅಲುಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಹತ್ತುವುದು. ಹೊಸ್ತಿಲು ಬೆರಳು ದಪ್ಪ ಇರುವ ಅಮಾವಾಸ್ಯೆಯಲ್ಲೂ ಮಣೆ ಹುಡುಕಿ ಕಾಲು ಚಾಚುತ್ತಾರೆ. ಮಗ ಮಾಡಿದ ಮಣೆ ಮೇಲೆ ತಾಯಿಗೇ ನಂಬಿಕೆ ಇಲ್ಲ ಅಂತ ನಾವು ಊರಿನವರು ತಮಾಷೆ ಮಾಡುತ್ತಿದ್ದೆವು. ಅವತ್ತೂ ತಟ್ಟಿ, ಹತ್ತಿ, ಒಳಗೆ ಬಂದು ಕೂತರು.

"ವಿಮಲಾ, ಬರೋ ಹುಣ್ಣಿಮೆಗೆ ಮೌನೇಶನ ವರ್ಷದ ತಿಥಿ. ಪಟ ಆಗ್ಬೇಕು. ಬಾಯಿ ಮುಚ್ಚಿರ್ಲಿ."

"ಎಲ್ಲರದ್ದೂ ಮುಚ್ಚೇ ಇರುತ್ತಲ್ಲ ಕಾಳಮ್ಮನೋರೇ."

"ಹಂಗಲ್ಲ ಕಣಮ್ಮ. ಆ ಹಲ್ಲಿನ ಗುರ್ತು ತುಟಿ ಮೇಲೂ ಇರಬಾರ್ದು. ತುಟಿ ನೆಟ್ಟಗಿರ್ಲಿ."

ಅದು ನಿಜ. ಹಲ್ಲು ಮುರಿದ ಜಾಗದಲ್ಲಿ ಅವನ ಮೇಲ್ದುಟಿ ಚೂರು ಮೇಲಕ್ಕೆದ್ದಿತ್ತು. ತಾಯಿಗೆ ಮಗ ಚೆನ್ನಾಗಿ ಕಾಣಲಿ ಅನ್ನಿಸುವುದು ಸಹಜ ಅಂತ ನಾನು ಅಂದುಕೊಂಡೆ. ಫೋಟೋ ಕೇಳಿದೆ. ಊರಿನವರ ಫೋಟೋವನ್ನೆಲ್ಲ ತನ್ನ ಮೊಬೈಲಿನಲ್ಲಿ ತೆಗೆಯುತ್ತಿದ್ದವನು ಅವನೇ ಆದ್ದರಿಂದ ಅವನದೇ ಫೋಟೋ ಇದ್ದದ್ದು ಎರಡೇ ಎರಡು. ಒಂದು ಲೈಸೆನ್ಸಿಗೆ ತೆಗೆಸಿದ್ದು, ಪೊಲೀಸರು ಹಿಡಿದವರ ಹಾಗೆ ಬಾಯಿ ಬಿಗಿದು ಕೂತಿದ್ದಾನೆ. ಇನ್ನೊಂದು ಯಾರದ್ದೋ ಮದುವೆಯಲ್ಲಿ ತೆಗೆದದ್ದು, ಇನ್ನೊಬ್ಬರ ಹೆಗಲ ಹಿಂದೆ ನಗುತ್ತಿದ್ದಾನೆ. ಆದರೆ ನಗುವ ಭರದಲ್ಲಿ ತಲೆ ಅಲುಗಿ ಮುಖವೆಲ್ಲ ಕಲಸಿಹೋಗಿದೆ. ಬರೆಯಲು ಲೈಸೆನ್ಸಿನದ್ದನ್ನೇ ಆರಿಸಿಕೊಂಡೆ, ಮದುವೆಯದ್ದೂ ನನ್ನ ಬಳಿಯೇ ಉಳಿಯಿತು.

ನನ್ನ ಕೆಲಸ ನಾನೇ ಹೊಗಳಿಕೊಳ್ಳಬಾರದು, ಆದರೆ ಆ ಪಟ ಚೆನ್ನಾಗಿ ಬಂತು. ಫೋಟೋವನ್ನು ಕೆಳಗಿಟ್ಟು ಅದರ ಮೇಲೆ ಚುಕ್ಕಿ ಇಡುತ್ತಾ ಹೋದೆ. ಹಣೆಯ ಗೆರೆ ಒಂದೇ ಎಳೆತಕ್ಕೆ ಬಂತು. ಕಿವಿಯ ಹಿಂದೆ ಅವನ ಸೀಸದ ಕಡ್ಡಿ ಇಟ್ಟೆ, ಅಂಗಿಗೆ ಜೇಬು, ಜೇಬಿಗೆ ಒಂದು ಗುಂಡಿ. ತುಟಿಯನ್ನು ಕಾಳಮ್ಮ ಹೇಳಿದ ಹಾಗೆ ನೆಟ್ಟಗೆ ಮಾಡಿದೆ. ಅಷ್ಟು ಕಡಿಮೆ ಚುಕ್ಕಿಯಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿದ್ದಕ್ಕೆ ನನಗೇ ಜಂಬ ಬಂದಿತ್ತು. ಆ ಜಂಬದಲ್ಲಿ ಇರುವಾಗಲೇ ಅಂಬುಜ ಮಗಳ ಕೈ ಹಿಡಿದುಕೊಂಡು ಬಂದಳು.

ಚಂದನ ಸೀದಾ ಕಂಪ್ಯೂಟರಿನ ಮುಂದೆ ಬಂದು ನಿಂತಳು. "ಇದು ಯಾರು?"

"ಅಪ್ಪ ಕಣೇ," ಅಂದಳು ಅಂಬುಜ.

ಹುಡುಗಿ ಇನ್ನೊಂದು ಸಲ ನೋಡಿದಳು. ಹಟ ಮಾಡಲಿಲ್ಲ, ಅಳಲಿಲ್ಲ. "ಅಲ್ಲ. ಇವರು ಯಾರೋ," ಅಂದಳು.

ನನಗೆ ಸಿಟ್ಟು ಬಂತು. ಮೂಗು ನೋಡು, ಹುಬ್ಬು ನೋಡು, ಸೀಸದ ಕಡ್ಡಿ ನೋಡು ಅಂತ ಒಂದೊಂದನ್ನೇ ತೋರಿಸಿದೆ. ಮಗು ಪಾಠ ಕೇಳುವ ಹಾಗೆ ಕೇಳಿ ತಲೆಯಾಡಿಸಿತು, ಅಪ್ಪ ಅಂತ ಮಾತ್ರ ಅನ್ನಲಿಲ್ಲ. ಅಂಬುಜ ಸ್ಟೂಲಿನ ಮೇಲೆ ಕೂತಳು.

"ಅಕ್ಕ, ಇವಳಿಗೆ ಅವರ ಮುಖ ಮರ್ತು ಹೋಗ್ತಾ ಇದೆ. ಮೊದಮೊದಲು ಅಪ್ಪ ಯಾವಾಗ ಬರ್ತಾನೆ ಅಂತಿದ್ಲು. ಈಗ ಅಪ್ಪ ಹೆಂಗಿದ್ದ ಅಂತ ಕೇಳ್ತಾಳೆ. ನಗ್ತಿದ್ದ ಅಂದ್ರೆ ಹೆಂಗೆ ನಗ್ತಿದ್ದ ಅಂತಾಳೆ. ನಾನು ಹೆಂಗೆ ತೋರಿಸ್ಲಿ? ನೀವು ನಗೋ ಹಾಗೆ ಬರೀರಿ. ಈ ಬಾಯಿ ಮುಚ್ಚಿದೋರನ್ನ ಗೋಡೆ ಮೇಲೆ ದಿನಾ ನೋಡಿದ್ರೆ ಇವಳಿಗೆ ಇವರೇ ಅಪ್ಪ ಆಗ್ಬಿಡ್ತಾರೆ."

"ಹಲ್ಲು ಬರಿಯೋ ಹಾಗಿಲ್ಲ, ಗೊತ್ತಲ್ಲಮ್ಮ. ನಿಮ್ಮತ್ತೆ ಬೇರೆ ಕಟ್ಟುನಿಟ್ಟಾಗಿ ಹೇಳಿ ಹೋಗಿದ್ದಾರೆ."

"ಗೊತ್ತು," ಅಂದಳು. ಜಗಳವಾಡುವವಳಾಗಿದ್ದರೆ ನಾನು ಗೆಲ್ಲುತ್ತಿದ್ದೆ.

ಸುಮ್ಮನೆ ನಿಂತಿದ್ದ ಮಗುವಿಗೆ ಏನಾದರೂ ಕೊಡಬೇಕಲ್ಲ ಅಂತ ಮೌಸನ್ನು ಅವಳ ಕೈಗೆ ಕೊಟ್ಟೆ. ಮೀಸೆಯ ತುದಿಯ ಚುಕ್ಕಿ ತೋರಿಸಿ, ಈ ಕಡ್ಡಿ ಹಿಡಿದು ಎಳಿ ನೋಡೋಣ ಅಂದೆ. ಎಳೆದಳು. ಮೀಸೆ ಕೆನ್ನೆ ದಾಟಿ, ಕಿವಿ ದಾಟಿ, ಸೀಸದ ಕಡ್ಡಿಯನ್ನೂ ಸುತ್ತಿಕೊಂಡು ಮೇಲಕ್ಕೆ ಹೋಯಿತು. ಚಂದನ ನಕ್ಕಳು. ಮೊದಲು ಎಡಗಣ್ಣು ಮುಚ್ಚಿತು, ಆಮೇಲೆ ಕೆನ್ನೆ ಎದ್ದಿತು, ಆಮೇಲೆ ತಲೆ ಹಿಂದಕ್ಕೆ ಹೋಯಿತು. ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸ ಹಲ್ಲು ಇನ್ನೂ ಅರ್ಧವೇ ಬಂದಿತ್ತು. ನಾನು ಅಂಬುಜಳ ಮುಖ ನೋಡಿದೆ. ಅವಳು ಬೀದಿಯ ಕಡೆ ತಿರುಗಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಅವರು ಹೋದ ಮೇಲೆ ಮದುವೆಯ ಫೋಟೋ ತೆಗೆದು ನೋಡಿದೆ. ಕಲಸಿಹೋದ ಮುಖದಲ್ಲಿ ಗೆರೆ ಎಲ್ಲಿ ತಿರುಗುತ್ತದೆ ಅಂತ ಹೇಳುವುದು ಹೇಗೆ? ಆದರೆ ಈಗ ನನಗೆ ಗೊತ್ತಿತ್ತು. ಮೊದಲು ಎಡಗಣ್ಣು. ಅಲ್ಲಿ ಚುಕ್ಕಿ ಇಟ್ಟೆ. ಆಮೇಲೆ ಕೆನ್ನೆ. ಮಗಳ ನಗುವಿನ ಜಾಡು ಹಿಡಿದು ಅಪ್ಪನ ನಗು ಬರೆಯುತ್ತಾ ಹೋದೆ. ತುಟಿ ಮೇಲಕ್ಕೆ ಹೋದದ್ದನ್ನು ಬರೆದೆ, ಹಲ್ಲಿನ ಸಾಲು ಬರೆದೆ, ಮುರಿದದ್ದನ್ನು ಮುರಿದ ಹಾಗೇ ಬರೆದೆ. ಅವತ್ತು ನಾನು ಚುಕ್ಕಿಯ ಲೆಕ್ಕ ಇಡಲಿಲ್ಲ. ಹಿಟ್ಟು ಜರಡಿ ಹಿಡಿದಾಗ ಬೀಳುವ ಹಾಗೆ ಚುಕ್ಕಿಗಳು ಬಿದ್ದವು. ಬರೆದು ಮುಗಿಸಿ ನೋಡಿದರೆ ಮೌನೇಶ ನನ್ನ ಮುಂದೆ ಕೂತು ಕಬ್ಬಿನ ಸುಳ್ಳು ಕಥೆ ಹೇಳುತ್ತಿದ್ದ.

ಅದನ್ನು ಏನು ಮಾಡುವುದು? ಗೋಡೆಗೆ ಹಾಕುವ ಹಾಗಿಲ್ಲ, ಅಳಿಸಲು ಮನಸ್ಸಿಲ್ಲ. ಚಾಪೆ ಕೆಳಗೆ ತೂರುವವರಿದ್ದರೆ ರಂಗೋಲಿ ಕೆಳಗೆ ತೂರುವವರೂ ಇರುತ್ತಾರೆ. ನಾನು ರಂಗೋಲಿಯಲ್ಲೇ ಹುಟ್ಟಿದವಳು. ನಗುವ ಮುಖವನ್ನೆಲ್ಲ ಒಂದೇ ಗುಂಪಾಗಿ ಕಟ್ಟಿ, ಮೂಲೆ ಹಿಡಿದು ಒಳಕ್ಕೆ ನೂಕುತ್ತಾ ಹೋದೆ. ಅಂಗೈಯಷ್ಟಾಯಿತು, ಹುಣಸೆಬೀಜದಷ್ಟಾಯಿತು, ಸಾಸಿವೆಯಷ್ಟಾಯಿತು. ಅದನ್ನು ತೆಗೆದು ಬಾಯಿ ಮುಚ್ಚಿದ ಮೌನೇಶನ ಜೇಬಿನ ಗುಂಡಿಯ ಒಳಗೆ ಇಟ್ಟೆ. ನೋಡುವವರಿಗೆ ಅದು ಗುಂಡಿ ಅಷ್ಟೇ. ಯಾರಿಗೂ ಹೇಳಲಿಲ್ಲ, ಅಂಬುಜಳಿಗೂ.

ಪಟ ಅಂಟಿಸುವುದು ಅಮಾವಾಸ್ಯೆಗೆ. ಗೋಡೆ ಕೈಗೆ ಸಿಗುವುದು ಅವತ್ತೇ. ಕಾಳಮ್ಮ ಚಾಪೆ ಹಾಕಿ ಕೂತು ಬಹಳ ಹೊತ್ತು ನೋಡಿ, "ಚೆನ್ನಾಗಿದೆ, ನೆಟ್ಟಗಿದಾನೆ," ಅಂದರು. ಅಂಬುಜ ಕುಂಕುಮ ಹಚ್ಚಿ ಹೂವಿಟ್ಟಳು. ಚಂದನ ದೊಡ್ಡವರು ಹೇಳಿದ ಹಾಗೆ ಕೈಮುಗಿದು ಆಡಲು ಹೋದಳು. ಆಮೇಲಿನ ದಿನಗಳಲ್ಲಿ ಗೋಡೆಗಳು ಹಿಗ್ಗತೊಡಗಿದವು. ಹುಣ್ಣಿಮೆಗೆ ಊರಿನ ಜನರ ಮುಂದೆ ಏನಾಗಬಹುದು ಅಂತ ಯೋಚಿಸಿ ಭಯವೂ ಆಗುತ್ತಿತ್ತು, ಆ ಮಗು ನೋಡದೆ ಹೋದರೆ ಅಂತ ಅದಕ್ಕಿಂತ ಹೆಚ್ಚು ಭಯವಾಗುತ್ತಿತ್ತು.

ಉಪ್ಪು ತಿಂದವಳು ನೀರು ಕುಡಿಯಬೇಕಲ್ಲ, ತಿಥಿಯ ದಿನ ಹೋದೆ. ನಡುಮನೆ ಕಲ್ಯಾಣಮಂಟಪದಷ್ಟಾಗಿತ್ತು. ಮೌನೇಶನ ಮುಖ ಸೂರಿನ ಹತ್ತಿರ ಗಂಭೀರವಾಗಿ ನಮ್ಮನ್ನೆಲ್ಲ ನೋಡುತ್ತಿತ್ತು. ಗೆರೆ ಒಂದೂ ನಡುಗಿರಲಿಲ್ಲ. ಬಂದವರೆಲ್ಲ ಕತ್ತೆತ್ತಿ ನೋಡಿ ಹೊಗಳುತ್ತಿದ್ದರು. ಕಾಳಮ್ಮನ ಅಣ್ಣ ಶೇಷಾಚಾರ್ರು, "ವಿಮಲನ ಕೈ ಅಂದ್ರೆ ಕೈ," ಅಂದರು. ಎಡೆ ಇಟ್ಟು, ಊಟಕ್ಕೆ ಎಲೆ ಹಾಕಿದರು. ದೊಡ್ಡವರು ಯಾರೂ ಕತ್ತು ಕೆಳಗಿಳಿಸಿ ಅಂಗಿಯನ್ನು ನೋಡಲಿಲ್ಲ. ಹುಣ್ಣಿಮೆಗೆ ಯಾರು ತಾನೇ ಅಂಗಿ ನೋಡುತ್ತಾರೆ?

ಚಂದನ ವಡೆ ಹಿಡಿದುಕೊಂಡು ಗೋಡೆಗೆ ಆನಿಕೊಳ್ಳಲು ಬಂದಳು. ಜೇಬಿನ ಗುಂಡಿ ಈಗ ಊಟದ ತಟ್ಟೆಯಷ್ಟಾಗಿ ಸರಿಯಾಗಿ ಅವಳ ಮುಖದೆತ್ತರಕ್ಕೆ ಇತ್ತು. ತಿನ್ನುತ್ತಾ ತಿನ್ನುತ್ತಾ ನಿಲ್ಲಿಸಿದಳು. ಮುಖ ಹತ್ತಿರ ತಂದಳು. ಎಡಗಣ್ಣು ಮುಚ್ಚಿತು.

"ಅಮ್ಮ," ಅಂದಳು, ಕೂಗದೆ, ಬೆಕ್ಕಿನ ಮರಿ ಸಿಕ್ಕಿದವರು ಕರೆಯುವ ಹಾಗೆ ಮೆಲ್ಲಗೆ. "ಅಪ್ಪ ಇಲ್ಲಿದಾನೆ."

ಬಡಿಸುತ್ತಿದ್ದ ಅಂಬುಜ ಸೌಟು ಹಿಡಿದುಕೊಂಡೇ ಬಂದಳು. ನೋಡಿ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎಲೆ ಬಿಟ್ಟು ಎದ್ದು ಬಂದು ಬಗ್ಗಿ ನೋಡಿದರು.

"ಏನಮ್ಮ ವಿಮಲಾ, ಹಲ್ಲು ಬರೆದಿದೀಯಾ?" ಅಂದರು ಶೇಷಾಚಾರ್ರು.

"ನಾನು ಗುಂಡಿ ಬರೆದೆ ಆಚಾರ್ರೇ."

"ಗುಂಡಿಗೆ ಹಲ್ಲಿರುತ್ತಾ?"

ಅಷ್ಟರಲ್ಲಿ ಕಾಳಮ್ಮ ಬಂದರು. ಜನ ಸರಿದು ದಾರಿ ಬಿಟ್ಟರು. ಅವರು ಮೊಮ್ಮಗಳ ಪಕ್ಕ ಬಗ್ಗಿ ನೋಡಿದರು. ಅವರ ಮುಖದಲ್ಲಿ ಕೋಪ ಬಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬಂದದ್ದು ಭಯ. ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಮಜ್ಜಿಗೆಗೂ ಕಾಯದೆ ಮನೆಗೆ ಬಂದೆ.

ಊರಿನಲ್ಲಿ ಎರಡು ದಿನ ಅದೇ ಮಾತು. ಕಟ್ಟುಪಾಡು ಮುರಿದವಳಿಗೆ ಇನ್ನು ಯಾರೂ ಕೆಲಸ ಕೊಡಬಾರದು ಅಂದರು ಕೆಲವರು. ಹಾಗೆ ಅಂದವರ ಮನೆಯವರೇ ಹಿಂದಿನ ಬಾಗಿಲಿನಿಂದ ಬಂದು ತಮ್ಮಜ್ಜಿಯ ಮೂಗುಬೊಟ್ಟಿನಲ್ಲಿ ಏನಾದರೂ ಇಡಲು ಆಗುತ್ತದಾ ಅಂತ ಕೇಳಿ ಹೋದರು. ಕಾಳಮ್ಮನ ಮನೆಯಿಂದ ಮಾತ್ರ ಯಾವ ಸುದ್ದಿಯೂ ಬರಲಿಲ್ಲ. ಗೋಡೆಗಳು ಕುಗ್ಗತೊಡಗಿದವು. ಒಂದು ಬೆಳಿಗ್ಗೆ ತರಕಾರಿ ಅಂಗಡಿಯಲ್ಲಿ ಅಂಬುಜ ಸಿಕ್ಕಳು. ಕಣ್ಣು ಕೆಂಪಾಗಿತ್ತು.

"ಅವಳು ಆ ಗುಂಡಿ ಬಿಟ್ಟು ಏಳ್ತಾ ಇಲ್ಲ ಅಕ್ಕ. ದಿನಾ ಸಣ್ಣ ಆಗ್ತಾ ಇದೆ. ಮೊನ್ನೆವರ್ಗೂ ನಗು ಕಾಣ್ತಿತ್ತು. ನಿನ್ನೆ ಬರೀ ಮುಖ ಅಂತ ಗೊತ್ತಾಗ್ತಿತ್ತು. ಅಪ್ಪ ಮತ್ತೆ ಹೋಗ್ತಿದಾನೆ ಅಂತ ಅಳ್ತಾಳೆ. ಹೋದ ಸಲ ಅವರು ಹೋದಾಗ ಅವಳು ಮಲಗಿದ್ಲು, ನೋಡ್ಲಿಲ್ಲ. ಈ ಸಲ ಕೂತು ನೋಡ್ತಾ ಇದಾಳೆ."

ಇದು ನನಗೆ ಹೊಳೆದೇ ಇರಲಿಲ್ಲ. ಹಿಗ್ಗುವುದನ್ನು ಲೆಕ್ಕ ಹಾಕಿದ್ದೆ, ಕುಗ್ಗುವುದನ್ನು ಹಾಕಿರಲಿಲ್ಲ. ಜೀವಮಾನವೆಲ್ಲ ಈ ಊರಿನಲ್ಲಿದ್ದುಕೊಂಡು ಗೆರೆ ಒಡೆಯುವುದಿಲ್ಲ ಅಂತ ಬೀಗುತ್ತಿದ್ದವಳು ನಾನು. ಗೆರೆ ಒಡೆಯದಿದ್ದರೆ ಏನು, ನೋಡುವ ಮಗುವಿನ ಜೀವ ಒಡೆಯುತ್ತದಲ್ಲ. ಅವತ್ತು ಅಂಗಡಿ ತೆಗೆದು ಸುಮ್ಮನೆ ಕೂತೆ, ಯಾರ ಕೆಲಸವನ್ನೂ ಮುಟ್ಟಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಕಾಳಮ್ಮ ಬಂದರು. ಹೊಸ್ತಿಲು ನೆಲಕ್ಕೆ ಸೇರುವಷ್ಟು ತೆಳ್ಳಗಾಗಿತ್ತು, ಮಣೆ ಒಳಗೆ ಎತ್ತಿಟ್ಟಿದ್ದೆ. ಅವರು ರೂಢಿಯಂತೆ ಕಾಲು ಚಾಚಿ, ಇಲ್ಲದ ಮಣೆಯನ್ನು ತಡಕಾಡಿ, ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಬೈಯಲು ಬಂದಿದ್ದಾರೆ, ಬೈಸಿಕೊಳ್ಳೋಣ ಅಂತ ನಾನು ಎದ್ದು ನಿಂತೆ.

"ಕೂತ್ಕೋ," ಅಂದರು. "ಆ ಹಲ್ಲು ಹೆಂಗೆ ಮುರೀತು ಅಂತ ಹೇಳಿದ್ದ ನಿಂಗೆ?"

"ಕಬ್ಬು ಅಂದಿದ್ದ."

"ನಂಗೂ ಒಂದು ಹೇಳಿದ್ದ. ನನ್ನ ಮುಂದೇನೇ ಹೇಳಿದ್ದ, ಅದು ಮುರಿದಾಗ ನಾನು ಅಲ್ಲೇ ಇದ್ದೆ ಅನ್ನೋದನ್ನ ಮರೆತೋನ ಹಂಗೆ." ಸ್ವಲ್ಪ ಹೊತ್ತು ಸೆರಗಿನ ತುದಿ ಮಡಚಿದರು. "ಅವನು ಆಗ ಈ ಚಂದನಂಗಿಂತ ಒಂದು ವರ್ಷ ದೊಡ್ಡೋನು. ಹೊಸ ಹಲ್ಲು ಬಂದಿತ್ತು, ಎಲ್ರಿಗೂ ತೋರಿಸ್ಕೊಂಡು ತಿರುಗ್ತಿದ್ದ. ಹುಣ್ಣಿಮೆ ದಿನ. ನಾನು ಒಗ್ಗರಣೆ ಹಾಕ್ತಿದ್ದೆ, ಒಳಗಿನ ಮಣೆ ಇಡೋದು ಮರ್ತಿದ್ದೆ. ಅಮ್ಮಾ ಅಂತ ಓಡಿ ಬಂದ. ಹೊಸ್ತಿಲ ಮೇಲಿಂದ ಮಣೆ ಇದೆ ಅಂತ ಕಾಲಿಟ್ಟ."

ನನ್ನ ಕಣ್ಣು ಒಳಗೆ ಎತ್ತಿಟ್ಟಿದ್ದ ಮಣೆಯ ಕಡೆ ಹೋಯಿತು.

"ಯಾರಿಗೂ ಹೇಳ್ಲಿಲ್ಲ ಕಣೆ ಅವನು. ಮಣೆ ಇಡದ ಮನೆ ಅಂತ ಹೆಸರು ಬರುತ್ತೆ ಅಂತ ಅಷ್ಟು ಸಣ್ಣವನಿಗೇ ಗೊತ್ತಿತ್ತು. ಸಾಯೋವರ್ಗೂ ಒಬ್ಬೊಬ್ರಿಗೆ ಒಂದೊಂದು ಸುಳ್ಳು ಹೇಳ್ಕೊಂಡು ನಗ್ತಾ ಇದ್ದ. ಅವನು ನಕ್ಕಾಗೆಲ್ಲ ನಂಗೆ ಆ ಹಲ್ಲೇ ಕಾಣೋದು. ಗೋಡೆ ಮೇಲಾದ್ರೂ ಕಾಣೋದು ಬೇಡ ಅಂತ ನಿಂಗೆ ಹಂಗೆ ಹೇಳಿದ್ದು."

"ತಪ್ಪಾಯ್ತು ಕಾಳಮ್ಮನೋರೇ. ನಂಗೆ ಗೊತ್ತಿರ್ಲಿಲ್ಲ. ನಾಳೆ ಬಂದು ಪಟ ಕಿತ್ತು ಗುಂಡಿ ತೆಗೆದು ಹೊಸದು ಹಾಕ್ತೀನಿ."

ಅವರು ಕೈಯೆತ್ತಿ ತಡೆದರು. "ಇವತ್ತು ಬೆಳಿಗ್ಗೆ ಅದು ಪೂರ್ತಿ ಮುಚ್ಚಿಹೋಯ್ತು. ಬರೀ ಗುಂಡಿ. ಮಗು ಗುಂಡಿ ಮೇಲೆ ಬೆರಳಿಟ್ಕೊಂಡು ಮಲಗಿತ್ತು. ನಾನು ಬುಡ್ಡಿದೀಪ ಹಿಡ್ಕೊಂಡು ಪಕ್ಕದಲ್ಲಿ ಕೂತು ಹುಡುಕ್ದೆ ಕಣೆ ವಿಮಲಾ. ನಾನೇ ಬೇಡ ಅಂದಿದ್ದ ಹಲ್ಲನ್ನ ನಾನೇ ಹುಡುಕ್ದೆ. ಸಿಗ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು, "ಹುಣ್ಣಿಮೆವರ್ಗೂ ಕಾಯೋಕೆ ನನ್ನ ಕೈಲಾಗಲ್ಲ. ಅಮಾವಾಸ್ಯೆಗೂ ಕಾಣೋ ಹಂಗೆ ಮಾಡ್ಕೊಡು."

ನಾನು ಕಂಪ್ಯೂಟರಿನ ಕಡೆ ತಿರುಗಿಕೊಂಡೆ. ಕಣ್ಣು ತುಂಬಿಕೊಂಡಿದ್ದರಿಂದ ಮೌನೇಶನ ಫೈಲು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಜೇಬಿನ ಗುಂಡಿಯ ಒಳಗಿನಿಂದ ಸಾಸಿವೆಯಷ್ಟಿದ್ದುದನ್ನು ಹೊರಗೆ ತೆಗೆದೆ. ಬಾಯಿ ಮುಚ್ಚಿದವನನ್ನು ಪಕ್ಕಕ್ಕೆ ಸರಿಸಿ, ಸಾಸಿವೆಯ ಮೂಲೆ ಹಿಡಿದು ಹೊರಕ್ಕೆ ಎಳೆದೆ. ಹುಣಸೆಬೀಜದಷ್ಟಾಯಿತು. ಅಂಗೈಯಷ್ಟಾಯಿತು. ಎಡಗಣ್ಣು ಮುಚ್ಚಿಕೊಂಡು, ಕೆನ್ನೆ ಎತ್ತಿಕೊಂಡು ಪರದೆ ತುಂಬ ಬಂದು ಕೂತ. ಅಷ್ಟು ಸಣ್ಣದಾಗಿ ಹೋಗಿ ಬಂದಿದ್ದರೂ ಎಲ್ಲೂ ಮುಕ್ಕಾಗಿರಲಿಲ್ಲ, ಆ ಒಂದು ಹಲ್ಲು ಬಿಟ್ಟು.

"ಹುಣ್ಣಿಮೆಗೆ ಈ ಹಲ್ಲು ಬಾಗಿಲಷ್ಟಾಗುತ್ತೆ ಕಾಳಮ್ಮನೋರೇ. ಊರಲ್ಲಿ ಆಡ್ಕೋತಾರೆ. ಬೇಕಾದ್ರೆ ಹಲ್ಲು ಸರಿಮಾಡ್ತೀನಿ, ಒಂದು ಚುಕ್ಕಿ ಸರಿಸಿದ್ರೆ ಆಯ್ತು."

ಅವರು ಎದ್ದು ಬಂದು ನನ್ನ ಹೆಗಲ ಹಿಂದೆ ನಿಂತು ನೋಡಿದರು. ಈ ಸಲ ಮುಖ ತಿರುಗಿಸಲಿಲ್ಲ.

"ಏನೂ ಸರಿಸ್ಬೇಡ," ಅಂದರು. "ಬಾಗಿಲಷ್ಟಾಗ್ಲಿ. ಅವನು ನಕ್ಕರೆ ಮನೆ ತುಂಬ್ತಿತ್ತು. ತುಂಬ್ಲಿ."

ಪ್ರಿಂಟ್ ತೆಗೆದು ಸುರುಳಿ ಸುತ್ತಿ ಕೊಟ್ಟೆ. ಕಂಕುಳಲ್ಲಿ ಇಟ್ಟುಕೊಂಡು ಹೊರಟ ಕಾಳಮ್ಮ ಹೊಸ್ತಿಲ ಬಳಿ ನಿಂತು, ರೂಢಿಯಂತೆ ಮಣೆ ತಟ್ಟಲು ಕಾಲು ಮುಂದೆ ಚಾಚಿದರು. ಮಣೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಾಲು ಹಿಂದಕ್ಕೆ ತೆಗೆದುಕೊಂಡು ಒಂದು ಗಳಿಗೆ ನಿಂತರು. ಆಮೇಲೆ ಕೆಳಗೆ ನೋಡದೆ ಹೊಸ್ತಿಲು ದಾಟಿ, ಮಗನನ್ನು ಕರೆದುಕೊಂಡು ಮನೆ ಕಡೆ ನಡೆದರು.